ಇಬ್ಬರ ನಡುವ ಬಸಿಗಾಲುವಿ

ಮುನವಳ್ಳಿ ಕಡೆ ನಮ್ಮ ಹೊಲಾ ಕಾಲುವಿ ನೀರು ನಿಂತು ನಿಂತು ಸವಳಾಗಿ, ಸುಣ್ಣಾ ಚೆಲ್ಲಿದಂಗ ಬೆಳ್ಳಗಾಗಿತ್ತು. ಬಸಿಗಾಲುವಿ ತೋಡಿ ಉಪ್ಪನೀರು ಹಳ್ಳಕ್ಕ ಬಿಟ್ಟರ ಭತ್ತ ಬರತೈತಿ ಅಂತ ರೈತರೆಲ್ಲಾ ಕೂಡಿ ತೋಡಾಕ ಒಪ್ಪಿದ್ರು. ಒಪ್ಪದಾಕಿ ಒಬ್ಬಾಕಿನ, ಹಳ್ಳದ ದಂಡಿ ಹೊಲದಾಕಿ, ನನ್ನ ನೆಗೆಣ್ಣಿ, ಮೈದುನನ ಹೇಣತಿ ಶಾಂತವ್ವ. ಮನಿ ಪಾಲಾದಾಗಿಂದ ನಮ್ಮಿಬ್ಬರಿಗೂ ಮಾತಿಲ್ಲ.

ಅದಕ್ಕ ಕೃಷಿ ಸಾಹೇಬರನ್ನ ಕರಕೊಂಡು ಹೋದೆ. ಪಾಪ, ಅವರು ನಮ್ಮಿಬ್ಬರ ನಡುವ ಬದುವಿನ ಮ್ಯಾಲ ನಿಂತರು.

"ಸಾಹೇಬ್ರ, ಆಕಿ ಉಪ್ಪು ನನ್ನ ಹೊಲಕ್ಕ ಬ್ಯಾಡಂತ ಹೇಳ್ರಿ," ಅಂದಳು ಶಾಂತವ್ವ.

"ಆಕಿ ಹೊಲಾನೂ ಸವಳ ಐತಿ. ಹಳ್ಳದ ಕಡಿಂದ ತೋಡಕೋತ ಬಂದ್ರ ಮದಲ ಆಕೀದ ಬಸಿತೈತಿ, ನಂದು ಕಡೀಕ ಅಂತ ಹೇಳ್ರಿ," ಅಂದೆ.

ಸಾಹೇಬರು ಬಾಯಿ ತಗಿಯೂದರೊಳಗ ಆಕಿ, "ಹಂಗಾದ್ರ ನಾಳೆ ಸಲಿಕಿ ತಗೊಂಡು ಲಗೂನ ಬಾ ಅಂತ ಹೇಳ್ರಿ," ಅಂದಳು.

ಎಲ್ಲಾರೂ ಕೂಡಿ ತೋಡಿದಿವಿ, ನೀರು ಕಟ್ಟಿ ಉಪ್ಪು ತೊಳದಿವಿ. ಭತ್ತ ತೆನಿ ಬಾಗಿದಾಗ ಸಾಹೇಬರು ನೋಡಾಕ ಬಂದ್ರು. ನಾನೂ ಶಾಂತವ್ವನೂ ಕೂಡೇ ಬದುವಿನ ಹುಲ್ಲು ಕೊಯ್ಯಾಕ ಹತ್ತಿದ್ದಿವಿ.

"ಈಗರೆ ಮಾತಾಡ್ತೀರೇನ್ರಿ, ಅಮ್ಮಾರ?" ಅಂದ್ರು.

"ಆಕಿನ್ನ ಕೇಳ್ರಿ," ಅಂದಿವಿ ಇಬ್ಬರೂ, ಒಮ್ಮೆಲೆ.