ಗಸಗಸೆ ಬಾಟಲಿ

ಆನೆಕೊಂಡದ ಮನೆಯಲ್ಲಿ ರೂಪಶ್ರೀಗೆ ತನ್ನದು ಅಂತ ಒಂದು ಮೇಜಿರಲಿಲ್ಲ. ಹರಿಹರದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುವ ಅವಳು ಪಾಠ ಓದಿಕೊಳ್ಳುತ್ತಿದ್ದದ್ದು ಒಲೆಯ ಪಕ್ಕ ನಿಂತು, ಹಾಲು ಉಕ್ಕದಂತೆ ಕಾಯುತ್ತ. ಹಾಗಾಗಿಯೇ ಕಾರವಾರದ ಗೆಳತಿ ಶಾಹಿಸ್ತಾ ಕಳಿಸಿದ ಪೊಟ್ಟಣವೂ ಖಾಲಿ ಗಸಗಸೆ ಬಾಟಲಿಯೊಳಗಿಳಿದು ಅಡುಗೆಮನೆಯ ಗೂಡು ಸೇರಿತ್ತು. ಅದು ಕಡಲಿನ ಒಂದು ಜೀವಿಯ ಒಣ ನುಚ್ಚು. ಸೀಗಡಿಯ ಬಳಗದ್ದು, ಎಳ್ಳಿನ ಗಾತ್ರದ್ದು. ಸತ್ತು ಒಣಗಿದ ಮೇಲೂ ನೀರು ತಾಗಿದರೆ ನೀಲಿಯಾಗಿ ಬೆಳಗುತ್ತದೆ. ಸೋಮವಾರ ಕಾಲೇಜಿನ ಹುಡುಗಿಯರಿಗೆ ತೋರಿಸಬೇಕಿತ್ತು.

ಗಂಡ ಮಹಾಂತೇಶ್ ಹಿಂದೆಯೇ ಹೇಳಿದ್ದ: "ಸೀಗಡಿ ಗೀಗಡಿ ಈ ಮನಿ ಹೊಸ್ತಿಲು ದಾಟಿದ್ರೆ ಅವತ್ತೇ ನಿನ್ನ ನೌಕರಿ ಮುಗೀತು ನೋಡು."

ಭಾನುವಾರ ಅಯ್ಯನವರು ಪ್ರಸಾದಕ್ಕೆ ಬಂದಿದ್ದರು. ಪಾದಪೂಜೆ ಮುಗಿದಿತ್ತು. ಹಿತ್ತಲಲ್ಲಿ ಬಾಳೆಲೆ ತೊಳೆದು ತಂದ ರೂಪಶ್ರೀ ನೋಡುತ್ತಾಳೆ, ಬಾಟಲಿ ಮಿಕ್ಸಿಯ ಪಕ್ಕ ಅರ್ಧ ಖಾಲಿಯಾಗಿ ನಿಂತಿದೆ. ಅತ್ತೆ ಕಸ್ತೂರಮ್ಮ ಕೊಬ್ಬರಿಯೊಂದಿಗೆ ಆಗಷ್ಟೇ ಅರೆದದ್ದನ್ನು ಬಟ್ಟಲಿಗೆ ಬಗ್ಗಿಸಿ, ಕುದಿಯುವ ಬೆಲ್ಲದ ಪಾಕಕ್ಕೆ ಸುರಿಯಲು ಎತ್ತಿದ್ದಾರೆ.

"ಅತ್ತೆ, ಅದು ಗಸಗಸೆ ಅಲ್ಲ."

"ಮತ್ತೇನು? ಬಾಟ್ಲಿ ಮ್ಯಾಲೆ ನೀನೇ ಬರ್ದೀಯಲ್ಲ."

ಅಯ್ಯನವರೂ ಮಹಾಂತೇಶನೂ ಕೂತಿದ್ದ ಪಡಸಾಲೆ ಗೋಡೆಯಾಚೆಗೇ ಇತ್ತು. ಸೀಗಡಿಯ ಹೆಸರು ಬಾಯಿಗೆ ಬರಲಿಲ್ಲ. ಬಾಯಿ ಮುಚ್ಚಿಕೊಂಡರೆ ಎಲ್ಲರೂ ಉಂಡೇಳುತ್ತಾರೆ, ನೌಕರಿಯೂ ಉಳಿಯುತ್ತದೆ. ರೂಪಶ್ರೀ ಬಟ್ಟಲು ಕಸಿದುಕೊಂಡು, ಅತ್ತೆಯ ರಟ್ಟೆ ಹಿಡಿದು ಕಿಟಕಿಯಿಲ್ಲದ ಉಗ್ರಾಣಕ್ಕೆ ಎಳೆದೊಯ್ದು ಬಾಗಿಲು ಹಾಕಿದಳು.

ಕತ್ತಲಲ್ಲಿ ಬಟ್ಟಲು ನೀಲಿಯಾಗಿ ಉರಿಯುತ್ತಿತ್ತು. ಕಸ್ತೂರಮ್ಮನ ಬೆರಳುಗಳೂ.

ರೂಪಶ್ರೀ ಪಿಸುದನಿಯಲ್ಲಿ ಎಲ್ಲವನ್ನೂ ಹೇಳಿದಳು. ಕಸ್ತೂರಮ್ಮ ಬೆರಳನ್ನು ಸೆರಗಿಗೆ ಒರೆಸಿಕೊಂಡರು. ಬೆಳಕು ಸೆರಗಿಗೂ ಹತ್ತಿತು.

"ಜೀವ ಇದ್ದದ್ದಾ?"

"ಹೌದು ಅತ್ತೆ."

ಹೊರಗಿನಿಂದ ಮಹಾಂತೇಶ್ ಪಾಯಸ ಎಲ್ಲಿ ಅಂತ ಕೂಗಿದ. ಅವನ ಹೆಜ್ಜೆ ಅಡುಗೆಮನೆಗೆ ಬಂದು ಉಗ್ರಾಣದ ಬಾಗಿಲಲ್ಲಿ ನಿಂತಿತು. ಅರೆದ ಕೈ ತನ್ನದೇ ಎಂದು ಕಸ್ತೂರಮ್ಮನಿಗೂ ಗೊತ್ತಿತ್ತು.

"ಗಸಗಸೆಗೆ ಹುಳ ಬಿದ್ದಾವಪ್ಪ," ಅವರು ಒಳಗಿನಿಂದಲೇ ಹೇಳಿದರು. "ಬ್ಯಾರೆ ಅರೀಬೇಕು. ಅಯ್ಯನೋರಿಗೆ ಕೂಡ್ರಿ ಅನ್ನು."

"ಇಬ್ರಿದ್ದೂ ಇಷ್ಟು ನೋಡ್ಕಳಾಕೆ ಆಗಲ್ವಾ?" ಎಂದು ಗೊಣಗುತ್ತ ಅವನು ಹಿಂದಿರುಗಿದ.

ಬಟ್ಟಲ ಬೆಳಕು ಸಣ್ಣದಾಗುತ್ತಿತ್ತು. ಕಸ್ತೂರಮ್ಮ ಅದು ಪೂರ್ತಿ ಆರುವವರೆಗೂ ಅಲ್ಲಾಡಲಿಲ್ಲ.

"ಉಳಿದದ್ದನ್ನ ನನ್ನ ಟ್ರಂಕ್‌ನ್ಯಾಗ ಇಡು," ಅಂದರು, ಬಾಗಿಲು ತೆಗೆಯುತ್ತ. "ಗಸಗಸೆ ಅಂತ ಬರ್ದದ್ದು ಮೊದ್ಲು ಕಿತ್ತಾಕು. ಈಗ ಮಿಕ್ಸಿ ತೊಳಿ, ಚೆನ್ನಾಗಿ ತೊಳಿ."