ಕೇಳಿದ ಮೇಲೆ ಕಾಯುವುದು

ಬೆಸುಗೆಯ ರಾಳದ ಹೊಗೆ ಮೂಗಿಗೆ ಬಿದ್ದರೆ ನಿಮಗೆ ಕೆಮ್ಮು ಬರಬಹುದು, ನನಗೆ ರಫೀಕ್ ಬರುತ್ತಾನೆ. ಇವತ್ತು ಬೆಳಿಗ್ಗೆಯೂ ಅಷ್ಟೇ. ಶಿಡ್ಲಘಟ್ಟದ ನಮ್ಮ ಅಂಗಡಿಯ ಶಟರ್ ಎತ್ತಿ, ಕೆಟ್ಟ ಬೋರ್ಡೊಂದಕ್ಕೆ ಬೆಸುಗೆ ಹಾಕಲು ಕೂತೆ. ಹೊಗೆ ಎದ್ದಿತು. "ಫ್ಯಾನ್ ಆಫ್ ಮಾಡೋ, ಎಲ್ಲಾ ನನ್ ಮುಖಕ್ಕೇ ಬರ್ತೈತೆ" ಎಂದು ಬಯ್ಯುವವನು ಇಲ್ಲ. ಅವನು ಹೋಗಿ ಒಂದು ಮಳೆಗಾಲ ಕಳೆದಿದೆ.

ನಮ್ಮ ಕಸುಬು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ರೇಷ್ಮೆಗೂಡು ಬೇಯಿಸುವ ನೀರಿನ ಬಿಸಿ ಹೆಚ್ಚುಕಮ್ಮಿ ಆದರೆ ನೂಲು ಕಿತ್ತುಹೋಗುತ್ತದೆ. ಆ ಬಿಸಿಯನ್ನು ಕಾಯುವ ಎಲೆಕ್ಟ್ರಾನಿಕ್ ಪೆಟ್ಟಿಗೆಗಳನ್ನು ನಾವಿಬ್ಬರೂ ಮಾಡಿ, ನೂಲು ತೆಗೆಯುವ ರೀಲರುಗಳಿಗೆ ಕೊಡುತ್ತಿದ್ದೆವು. ಒಮ್ಮೆ ಸಾದಲಿ ಕಡೆಯ ರೀಲರೊಬ್ಬರು ಫೋನಿನಲ್ಲೇ ಹಾರಾಡಿದರು.

"ಏನಪ್ಪಾ ನಿಮ್ ಪೆಟ್ಟಿಗೆ? ನೀರು ಕೊತಕೊತ ಅಂತೈತೆ, ಇದು ನೋಡಿದ್ರೆ ತಣ್ಣಗೈತೆ ಅಂತ ತೋರಿಸ್ತೈತೆ!"

ಸೆನ್ಸರ್ ಬದಲಾಯಿಸಿದೆವು, ವೈರು ಬದಲಾಯಿಸಿದೆವು. ಅಂಗಡಿಗೆ ತಂದರೆ ಪೆಟ್ಟಿಗೆ ಸತ್ಯ ಹೇಳುತ್ತಿತ್ತು, ಆ ಹಬೆಯ ಶೆಡ್ಡಿಗೆ ಹೋದರೆ ಮತ್ತೆ ಸುಳ್ಳು. ನನಗೆ ಅದನ್ನು ಮೋರಿಗೆ ಎಸೆಯುವಷ್ಟು ಕೋಪ. ರಫೀಕ್ ಸುಮ್ಮನೆ ನೋಡುತ್ತಾ ಕೂತಿದ್ದವನು, ಕೈಯಲ್ಲಿದ್ದ ಬಿಸಿ ಟೀ ಲೋಟವನ್ನು ಬೋರ್ಡಿನ ಮೆಮೊರಿ ಚಿಪ್ಪಿನ ಮೇಲೆ ಇಟ್ಟ. ಸ್ವಲ್ಪ ಹೊತ್ತಿಗೆ ಅಂಕಿಗಳು ಹುಚ್ಚುಹುಚ್ಚಾಗಿ ಕುಣಿದವು.

"ಗೊತ್ತಾಯ್ತು ಬಿಡೋ. ಇದಕ್ಕೆ ಸೆಕೆ ಆಗ್ತೈತೆ."

ವಿಷಯ ಇಷ್ಟೇ. ಪೆಟ್ಟಿಗೆಯ ಮಿದುಳಾದ ಮೈಕ್ರೋಕಂಟ್ರೋಲರಿಗೆ ಹೊರಗಿನ ಮೆಮೊರಿಯಿಂದ ಏನಾದರೂ ಬೇಕಾದರೆ, ಅದು ಒಂದಷ್ಟು ತಂತಿಗಳ ಮೇಲೆ ಆ ಮಾಹಿತಿ ಇರುವ ಜಾಗದ ವಿಳಾಸ ಇಡುತ್ತದೆ, ಇನ್ನೊಂದು ತಂತಿಯಿಂದ ‘ಕೊಡು’ ಎನ್ನುತ್ತದೆ, ಗೊತ್ತುಮಾಡಿದಷ್ಟು ಹೊತ್ತು ಕಾಯುತ್ತದೆ. ಆಮೇಲೆ ಡೇಟಾ ತಂತಿಗಳ ಮೇಲೆ ಏನಿದೆಯೋ ಅದನ್ನೇ ಉತ್ತರವೆಂದು ಎತ್ತಿಕೊಳ್ಳುತ್ತದೆ. ಉತ್ತರ ನಿಜವಾಗಿ ಬಂದಿದೆಯೇ ಎಂದು ನೋಡುವುದಿಲ್ಲ. ನಾವು ಹಾಕಿದ್ದು ಹಳೇ ಬೋರ್ಡಿನಿಂದ ಕಿತ್ತ ಚಿಪ್ಪು. ತಣ್ಣಗಿದ್ದಾಗ ಹೇಗೋ ಹೊತ್ತಿಗೆ ಸರಿಯಾಗಿ ಕೊಡುತ್ತಿತ್ತು, ಬಿಸಿಯಾದರೆ ತಡವಾಗುತ್ತಿತ್ತು. ರಫೀಕ್ ಪ್ರೋಗ್ರಾಮಿನಲ್ಲಿ ಕಾಯುವ ಹೊತ್ತನ್ನು ಒಂಚೂರು ಹೆಚ್ಚಿಸಿದ. ಅಷ್ಟಕ್ಕೇ ಸರಿಹೋಯಿತು.

"ಅದು ಕೆಟ್ಟಿಲ್ಲ ಕಣೋ. ನಾವೇ ಕೇಳಿಬಿಟ್ಟು ಕಾಯ್ತಾ ಇರಲಿಲ್ಲ" ಎಂದ. ಟೀ ತಣ್ಣಗಾಗಿತ್ತು, ಅದಕ್ಕೂ ನನ್ನನ್ನೇ ಬಯ್ದ.

ಹೋದ ವರ್ಷ ಅವನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಹೋಯಿತು, ಮಾತು ಸಿಕ್ಕಿಕೊಂಡಿತು. ಚಿಕ್ಕಬಳ್ಳಾಪುರದ ಡಾಕ್ಟರು, "ಮಾತಾಡಿಸ್ತಾ ಇರಿ. ಬಿಟ್ಟುಬಿಟ್ರೆ ಮಾತೇ ನಿಂತೋಗುತ್ತೆ" ಎಂದರು. ಮಾತಾಡಿಸುವುದೆಂದರೆ ಪ್ರಶ್ನೆ ಕೇಳುವುದು ಎಂದು ನಾವು ತಿಳಿದೆವು. ಮಕ್ಕಳಿಲ್ಲದ ಮನೆ. ನಾನು ಭಾಭಿ ಎನ್ನುವ ಅವನ ಹೆಂಡತಿ ಶಮೀಮ್, ಭಾಭಿಯ ಅಕ್ಕ, ಸಂಜೆಯಾದರೆ ನಾನು, ಮೂವರೂ ಮಂಚದ ಸುತ್ತ ನಿಂತು ಪ್ರಶ್ನೆ ಸುರಿಸುತ್ತಿದ್ದೆವು. ನೀರು ಬೇಕಾ? ದಿಂಬು ಸರಿಸ್ಲಾ? ಕಾಲು ನೋಯ್ತೈತಾ? ಅವನು ತುಟಿ ಅಲ್ಲಾಡಿಸುವಷ್ಟರಲ್ಲಿ ಒಬ್ಬರು ನೀರು ಹಿಡಿದಿರುತ್ತಿದ್ದರು, ಇನ್ನೊಬ್ಬರು ದಿಂಬು. ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಬರಬರುತ್ತಾ ತುಟಿ ಅಲ್ಲಾಡಿಸುವುದನ್ನೂ ಬಿಡುತ್ತಾ ಬಂದ. ಡಾಕ್ಟರು ಹೇಳಿದ್ದು ಆಗಿಯೇ ಹೋಗುತ್ತದೇನೋ ಎಂದು ನಮಗೆ ಭಯ. ಭಯಕ್ಕೆ ಇನ್ನೂ ಜೋರಾಗಿ ಕೇಳುತ್ತಿದ್ದೆವು.

ಒಂದು ಸಂಜೆ ಭಾಭಿ ಗಂಜಿ ತಿನ್ನಿಸಿ ಅವನ ಬಾಯಿ ಒರೆಸುತ್ತಿದ್ದರು. ಅವನು ಎಡಗೈಯಿಂದ ಅವರ ಮಣಿಕಟ್ಟು ಹಿಡಿದ.

"ಇನ್ನೂ ಬೇಕಾ? ಸಾಕಾ? ಉಪ್ಪು ಕಮ್ಮಿ ಆಯ್ತಾ?"

"ಭಾಭಿ, ಸ್ವಲ್ಪ ಹೊತ್ತು ಯಾರೂ ಏನೂ ಕೇಳೋದು ಬೇಡ" ಎಂದೆ. ಯಾಕೆ ಹಾಗೆಂದೆನೋ, ಬಾಯಿಗೆ ಬಂದುಬಿಟ್ಟಿತು.

ಸುಮ್ಮನಿರುವುದು ಎಷ್ಟು ಕಷ್ಟ ಗೊತ್ತಾ? ಪಕ್ಕದ ಮನೆಯ ಕುಕ್ಕರ್ ಕೂಗಿತು. ಅಕ್ಕ ಸೆರಗಿನ ತುದಿ ಹಿಂಡಿದರು. ನನ್ನ ನಾಲಿಗೆ ತುದಿಯಲ್ಲಿ ಇನ್ನೊಂದು ಪ್ರಶ್ನೆ ಬಂದು ನಿಂತಿತ್ತು, ನುಂಗಿದೆ. ರಫೀಕನ ಕತ್ತಿನ ನರ ಉಬ್ಬಿತು, ಇಳಿಯಿತು, ಮತ್ತೆ ಉಬ್ಬಿತು.

"ತೂ... ಖಾಯೀ?"

ನೀನು ತಿಂದ್ಯಾ, ಅಂತ.

ಭಾಭಿ ಬೆಳಗಿನಿಂದ ಬರೀ ಟೀಯಲ್ಲಿದ್ದರು. ನಮ್ಮಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ಅವರು ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡರು. ಆಮೇಲೆ ತಟ್ಟೆಗೆ ಅನ್ನ ಹಾಕಿಕೊಂಡು ಬಂದು, ಅವನೆದುರೇ ಕೂತು ತಿಂದರು. ಕೊನೆಯ ತುತ್ತಿನವರೆಗೂ ಅವನು ನೋಡುತ್ತಲೇ ಇದ್ದ.

ಅಂಥ ಮಾತು ಇನ್ನೂ ಕೆಲವು ಆಡಿದ. ಎರಡನೇ ಸಲ ಪಾರ್ಶ್ವವಾಯು ಹೊಡೆದಾಗಲೂ ನಾವು ಕಾದೆವು. ಮಾತು ಬರಲಿಲ್ಲ.

ಇವತ್ತು ಮಧ್ಯಾಹ್ನ ಭಾಭಿ ಅಂಗಡಿಗೆ ಬಂದರು. ರಫೀಕನ ಬಳಿ ಇದ್ದ ಅಂಗಡಿಯ ಬೀಗದ ಕೈ ಕೊಟ್ಟುಹೋಗಲು ಬಂದಿದ್ದರು. "ಹೇಗಿದ್ದೀರಾ ಭಾಭಿ?" ಎಂದೆ. ಎಲ್ಲರೂ ಕೇಳುತ್ತಾರೆ, "ಆರಾಮಾ?" ಎಂದು ತಾವೇ ಸೇರಿಸಿ ಮುಗಿಸುತ್ತಾರೆ. ನಾನೂ ಇಷ್ಟು ದಿನ ಹಾಗೇ ಮಾಡಿದ್ದೆ. ಇವತ್ತು ಬೆಸುಗೆ ಕಡ್ಡಿ ಕೆಳಗಿಟ್ಟು ಸುಮ್ಮನೆ ಕೂತೆ.

ಅವರು ರಸ್ತೆ ನೋಡಿದರು. ಗೂಡಿನ ಚೀಲ ತುಂಬಿದ ಆಟೋ ಹೋಯಿತು. ಸ್ಟೂಲು ಎಳೆದುಕೊಂಡು ಕೂತರು. ಬಹಳ ಹೊತ್ತಿನ ಮೇಲೆ ಹೇಳಿದರು:

"ಕೈ ತಪ್ಪಿ ಇಬ್ಬರಿಗೇ ಅಡುಗೆ ಮಾಡಿಬಿಡ್ತೀನಿ ಅಣ್ಣ. ಇವತ್ತೂ ಮಾಡಿದ್ದೀನಿ."

ನಾನು ಎದ್ದು ಕೈ ತೊಳೆದುಕೊಂಡು, ಶಟರ್ ಎಳೆದು ಅವರ ಜೊತೆ ಹೊರಟೆ.