ಮುಚ್ಚಳದಣ್ಣ ತಂದ ಗೊಬ್ಬರ

ಹೂವಿನ ತೋಟದ ಗಾಜಿನ ಮನೆಯಲ್ಲಿ ಅವನನ್ನು ಎಲ್ಲರೂ ಮುಚ್ಚಳದಣ್ಣ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷ ಗುಲಾಬಿ ಗಿಡಗಳಿಗೆ ಬೂಷ್ಟಿನ ಔಷಧಿ ಹೊಡೆದ ಆಸಾಮಿ. ಡಬ್ಬದ ಮೇಲೆ ಬರೆದ ಅಳತೆಗೆ ಎಂದೂ ನಿಂತವನಲ್ಲ. ಕೊನೆಗೊಂದು ಮುಚ್ಚಳ ಜಾಸ್ತಿ ಸುರಿದರೇ ಸಮಾಧಾನ. "ಕೈ ಬಿಗಿ ಹಿಡಿದ್ರೆ ಬೂಷ್ಟು ತಲೆ ಮೇಲೆ ಕೂರುತ್ತೆ" ಎನ್ನುತ್ತಿದ್ದ.

ಮನೆಯಲ್ಲಿ ಮಾತ್ರ ಅವನ ಬೇಳೆ ಬೇಯುತ್ತಿರಲಿಲ್ಲ. ಹೆಂಡತಿ ಬೈಯುವುದರಲ್ಲಿ ಗಟ್ಟಿಗಿತ್ತಿ. ಒದ್ದೆ ಟವೆಲ್ಲನ್ನು ಮಂಚದ ಮೇಲೆ ಹಾಕಿದರೆ ಬೈಗುಳ, ಬಾಗಿಲನ್ನು ದಡಾರನೆ ಹಾಕಿದರೆ ಬೈಗುಳ, ಏನೂ ಮಾಡದೆ ಕೂತರೆ ಅದಕ್ಕೂ ಒಂದು. ಅವಳಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾದ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತವನು ಅವನು. "ಮೂಗು ಒರೆಸ್ಕೊಳ್ರಿ, ಜನ ನೋಡ್ತಾರೆ" ಎಂದು ಗದರಿದವಳು ಅವಳು.

ಚಿಕಿತ್ಸೆಯ ನಡುವೆ ಮನೆಗೆ ಕಳಿಸಿದರು. ಸೋಂಕು ತಗಲೀತೆಂದು ಹೊರಗೆ ಕಾಲಿಡುವಂತಿಲ್ಲ. ಕಿಟಕಿಯ ಕುಂಡಗಳೇ ಅವಳ ಲೋಕ. ಗಿಡ ಸೊರಗಿವೆ, ಒಂದಿಷ್ಟು ಗೊಬ್ಬರ ತನ್ನಿ ಎಂದಳು. ತೋಟದ ಹಿಂದೆ ಕತ್ತರಿಸಿದ ದಂಟು, ಬಾಡಿದ ಹೂವು ರಾಶಿ ಹಾಕಿ ಕೊಳೆಸುತ್ತಿದ್ದರು. ಕಪ್ಪಗೆ, ಹುಡಿಹುಡಿಯಾಗಿ, ಕಣ್ಣಿಗೇ ಖುಷಿಯಾಗುವಂಥ ಗೊಬ್ಬರ. ಎರಡು ಚೀಲ ಹೊತ್ತು ತಂದು, ಅವಳ ಮಂಚದ ಪಕ್ಕದಲ್ಲೇ ಕೂತು ಕೈಯಾರೆ ಪುಡಿ ಮಾಡಿ ಕುಂಡಗಳಿಗೆ ತುಂಬಿದ. ನೆಲಕ್ಕೆ ಚೆಲ್ಲಿದ್ದಕ್ಕೆ ಬೈದಳು.

ಹದಿನೈದು ದಿನಕ್ಕೆ ಅವಳಿಗೆ ಕೆಮ್ಮು, ಜ್ವರ. ಶ್ವಾಸಕೋಶದಲ್ಲಿ ಬೂಷ್ಟು ಬೆಳೆದಿದೆ ಎಂದು ಆಸ್ಪತ್ರೆಗೆ ಸೇರಿಸಿ ಮಾತ್ರೆ ಕೊಟ್ಟರು. ಹತ್ತು ದಿನವಾದರೂ ಅದು ಜಗ್ಗಲಿಲ್ಲ. ಕಫದ ವರದಿ ಹಿಡಿದುಕೊಂಡು ಡಾಕ್ಟರಮ್ಮ ಅವನ ಕೆಲಸ ಏನೆಂದು ವಿಚಾರಿಸಿದರು. ಹೊಡೆಯುವ ಔಷಧಿಯ ಹೆಸರನ್ನು ಗಿಳಿಪಾಠದಂತೆ ಒಪ್ಪಿಸಿದ. ಅವರ ಪೆನ್ನು ನಿಂತಿತು.

"ಬೂಷ್ಟಿನ ಮೈಗೆ ಒಂದು ಪೊರೆ ಇರುತ್ತೆ. ಅದನ್ನ ಕಟ್ಟೋಕೆ ಬೇಕಾದ ಕೊಬ್ಬು ತಯಾರಾಗೋಕೆ ನಮ್ಮ ಮಾತ್ರೆ ಬಿಡಲ್ಲ. ಪೊರೆ ಕೆಟ್ಟು ಬೂಷ್ಟು ಸೋಲುತ್ತೆ. ನೀವು ಹೊಡೆಯೋದೂ ಇದೇ ಜಾತಿ ಔಷಧಿ. ವರ್ಷಗಟ್ಟಲೆ ಹೊಡೆದ್ರೂ ಎಲ್ಲಾ ಸಾಯಲ್ಲ. ತಾಳ್ಕೊಂಡಿರೋ ನಾಲ್ಕು ಉಳಿದು, ಅವೇ ಸಂಸಾರ ಬೆಳೆಸ್ತವೆ. ಆಮೇಲೆ ಅವಕ್ಕೆ ನಮ್ಮ ಮಾತ್ರೆನೂ ನಾಟಲ್ಲ. ಗಟ್ಟಿಮುಟ್ಟಾಗಿರೋರಿಗೆ ಈ ಬೂಷ್ಟಿನ ಧೂಳು ಏನೂ ಮಾಡಲ್ಲ. ಇವರ ಮೈಲಿ ತಡೆಯೋ ಶಕ್ತಿನೇ ಇಲ್ವಲ್ಲ. ತೋಟದಿಂದ ಮನೆಗೇನಾದ್ರೂ ತಂದಿದ್ರಾ?"

"ಗೊಬ್ಬರ. ಎರಡು ಚೀಲ" ಎಂದ.

"ಕೊಳೆತ ಗೊಬ್ಬರದಲ್ಲಿ ಈ ಬೂಷ್ಟು ಇರುತ್ತೆ. ಆದ್ರೂ ಅದ್ರಿಂದಲೇ ಅಂತ ಖಂಡಿತ ಹೇಳಕ್ಕಾಗಲ್ಲ" ಎಂದರು ಡಾಕ್ಟರಮ್ಮ. ಅವನಿಗೆ ಖಂಡಿತವಾಗಿತ್ತು.

ಬೇರೆ ಔಷಧಿಯನ್ನು ನರಕ್ಕೆ ಏರಿಸಿದರು. ಅದು ಕಿಡ್ನಿಯನ್ನು ಹಿಂಡುವಂಥದ್ದು. ಅವಳ ಮುಖ ಊದಿಕೊಂಡಿತು. ನಾಲ್ಕನೆಯ ದಿನ ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟ. ಬೈಯಲಿ, ಬಾಯಿಗೆ ಬಂದಂತೆ ಬೈಯಲಿ ಎಂದು ತಲೆ ತಗ್ಗಿಸಿ ಕೂತ.

"ತನ್ನಿ ಅಂದವಳು ನಾನೇ ಅಲ್ವಾ? ನಿಮ್ಮದೇನು ತಪ್ಪು, ಬಿಡಿ" ಎಂದು ಅವನ ಕೈ ಸವರಿದಳು.

ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಹೀಗೆ ಮಾತಾಡಿದ್ದೇ ಇಲ್ಲ. ಎದ್ದು ಹೋಗಿ ಮುಖ ತೊಳೆದು ಬಂದ. ಒದ್ದೆ ಟವೆಲ್ಲನ್ನು ಬೇಕೆಂದೇ ಅವಳ ಕಾಲಬಳಿ ಹಾಸಿಗೆಯ ಮೇಲೆ ಹಾಕಿ, ಅವಳ ಬಾಯನ್ನೇ ನೋಡುತ್ತಾ ನಿಂತ.

ಅವಳು ಟವೆಲ್ಲನ್ನು ನೋಡಿದಳು. ಬೈಯದೆ ಕಣ್ಣು ಮುಚ್ಚಿ ಮಲಗಿಕೊಂಡಳು.